ಮನಸ್ಸಿನ ಚಿಕಿತ್ಸೆಗೆ ಒಂದೇ ದಾರಿಯೇ?

ನಮ್ಮ ಕಡೆಯ ಮನೆಗಳಲ್ಲಿ ಯಾರಿಗಾದರೂ ಕಾಯಿಲೆಯಾಯಿತೆಂದರೆ ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆ, "ಮದ್ದು ಯಾವುದು? ಇಂಗ್ಲಿಷಿನದ್ದೋ, ಆಯುರ್ವೇದವೋ, ಹೋಮಿಯೋಪತಿಯೋ?" ಎಂಬುದು. ಆಪ್ತಸಲಹೆಯ ಕ್ಷೇತ್ರದಲ್ಲಿ ದುಡಿಯುವವರಿಗೂ ಈ ಬಗೆಯ ಪ್ರಶ್ನೆ ತಪ್ಪಿದ್ದಲ್ಲ. ಸ್ವಲ್ಪ ಓದಿಕೊಂಡವರು, "ನೀವು ಫ್ರಾಯ್ಡನ ಪಂಥದವರೋ, ವರ್ತನಾವಾದಿಗಳೋ?" ಎಂದು ವಿಚಾರಿಸುತ್ತಾರೆ. "ಬಂದವರ ಅಗತ್ಯ ನೋಡಿಕೊಂಡು ಎಲ್ಲದರಿಂದಲೂ ಎತ್ತಿಕೊಳ್ಳುತ್ತೇವೆ" ಎಂದು ಉತ್ತರಿಸಿದರೆ ಅವರ ಮುಖದಲ್ಲಿ ಸಣ್ಣದೊಂದು ಅವಿಶ್ವಾಸ ಮೂಡುತ್ತದೆ. ಯಾವ ಶಾಸ್ತ್ರದಲ್ಲಿಯೂ ಪೂರ್ಣ ಪಾಂಡಿತ್ಯವಿಲ್ಲದವನು ಎಲ್ಲದಕ್ಕೂ ಕೈಹಾಕುತ್ತಾನೆಂಬ ಶಂಕೆ ಅದು. ಆ ಶಂಕೆ ತೀರ ನಿರಾಧಾರವೆಂದು ನಾನು ಹೇಳಲಾರೆ. ಆದರೆ ಒಂದೇ ಪದ್ಧತಿಯನ್ನು ಹಿಡಿದುಕೊಂಡು ಎಲ್ಲರನ್ನೂ ಅದರೊಳಕ್ಕೆ ತುರುಕುವುದರಿಂದ ಆಗುವ ಹಾನಿ ಅದಕ್ಕಿಂತ ಕಡಿಮೆಯದಲ್ಲ.

ಸುವರ್ಣ ಮಹೋತ್ಸವದ ಸಂಚಿಕೆಯೆಂದರೆ ಸ್ಥಾಪಕರ ಸ್ಮರಣೆ, ಗುರುಹಿರಿಯರಿಗೆ ವಂದನೆ, ಐವತ್ತು ವರ್ಷಗಳ ಸಾಧನೆಯ ಅವಲೋಕನ. ಅವೆಲ್ಲ ಇರಬೇಕಾದವೇ. ಅವುಗಳ ನಡುವೆ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಶಾಲೆಗೆ ಬರುವ ಮಕ್ಕಳ ಮತ್ತು ಅವರ ತಾಯ್ತಂದೆಯರ ಮನಸ್ಸಿನ ಕಷ್ಟಗಳನ್ನು ಕನ್ನಡದಲ್ಲಿ ಕೇಳುವ ವ್ಯವಸ್ಥೆಯೊಂದನ್ನು ಮುಂದಿನ ವರ್ಷಗಳಲ್ಲಿ ನಾವೇ ಕಟ್ಟಬೇಕೆಂಬುದು ನನ್ನ ಅಭಿಪ್ರಾಯ. ಅದು ಯಾವ ಬಗೆಯದಾಗಿರಬೇಕೆಂದು ಮೊದಲೇ ಯೋಚಿಸದಿದ್ದರೆ ಬಾಗಿಲಿಗೆ ತೂಗುಹಾಕಿದ ನಾಮಫಲಕವಾಗಿಯೇ ಉಳಿದೀತು.

ಮನೋಚಿಕಿತ್ಸೆಯ ಮಾರ್ಗಗಳು ಒಂದೊಂದೂ ಒಂದೊಂದು ಬಗೆಯ ನೋವನ್ನು ಕಂಡು ಹುಟ್ಟಿಕೊಂಡವು. ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್, ಮರೆತೆವೆಂದು ನಾವು ತಿಳಿದ ಹಳೆಯ ಸಂಗತಿಗಳು ಒಳಗೇ ಕುಳಿತು ಇಂದಿನ ಬದುಕನ್ನು ಕದಡುವುದನ್ನು ಕಂಡನು. ಆ ಮನೋವಿಶ್ಲೇಷಣೆ ನಮ್ಮ ದೇಶಕ್ಕೂ ಬೇಗನೆ ಬಂತು; ಕಲ್ಕತ್ತೆಯ ಗಿರೀಂದ್ರಶೇಖರ ಬೋಸರು 1922ರಲ್ಲಿಯೇ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದ್ದರು. ಜೋಸೆಫ್ ವೋಲ್ಪೆ, ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವಂತೆ ಮಾಡಿ ಕರಗಿಸಬಹುದೆಂಬುದನ್ನು 1958ರ ತನ್ನ ಗ್ರಂಥದಲ್ಲಿ ವಿವರಿಸಿದನು. ಅಮೆರಿಕದ ಕಾರ್ಲ್ ರೋಜರ್ಸ್, ಸಲಹೆಗಾರನ ಪಾಂಡಿತ್ಯಕ್ಕಿಂತ ಅವನ ಸಹಾನುಭೂತಿ, ಪ್ರಾಮಾಣಿಕತೆ ಮತ್ತು ಎದುರಿಗಿರುವವರನ್ನು ಇದ್ದಂತೆ ಸ್ವೀಕರಿಸುವ ಗುಣಗಳೇ ಕೆಲಸ ಮಾಡುವುವೆಂದು ವಾದಿಸಿದನು. ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಗೆ ಒಳಗಾದವರ ಆಲೋಚನೆಗಳನ್ನು ಅಭ್ಯಸಿಸಿ, ಸೋಲನ್ನೇ ಹುಡುಕುವ ಆ ಆಲೋಚನೆಗಳನ್ನು ಸಾಕ್ಷ್ಯದೊಂದಿಗೆ ಒರೆಗೆ ಹಚ್ಚುವುದನ್ನು ಕಲಿಸಿದನು. ಇತ್ತ 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರರು ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಉಳಿಸಿಕೊಂಡು ಚಿಕಿತ್ಸೆಯಲ್ಲಿ ಪಾಲುಗೊಳಿಸಿದರು. ಕುಟುಂಬವನ್ನು ಬಿಟ್ಟು ವ್ಯಕ್ತಿಯಿಲ್ಲವೆಂಬ ನಮ್ಮ ಸಮಾಜದ ಸತ್ಯವನ್ನು ಅವರು ಯಾವ ಗ್ರಂಥದ ನೆರವೂ ಇಲ್ಲದೆ ಕಂಡುಕೊಂಡಿದ್ದರೆನ್ನಬೇಕು.

ಈ ಪಂಥಗಳ ನಡುವೆ ಜಗಳವೂ ಸಾಕಷ್ಟು ನಡೆದಿದೆ. 1936ರಷ್ಟು ಹಿಂದೆಯೇ ಸಾಲ್ ರೋಸೆನ್‌ಜ್ವೈಗ್ ಎಂಬ ವಿದ್ವಾಂಸನು, ಪರಸ್ಪರ ವಿರುದ್ಧವಾದ ಪದ್ಧತಿಗಳೆಲ್ಲ ಫಲ ಕೊಡುತ್ತಿರುವುದಕ್ಕೆ ಅವುಗಳಲ್ಲಿ ಸಮಾನವಾಗಿರುವ ಅಂಶಗಳು ಕಾರಣವಿರಬಹುದೆಂದು ಸೂಚಿಸಿದ್ದನು. 1967ರಲ್ಲಿ ಆರ್ನಾಲ್ಡ್ ಲಾಜರಸ್ ಇನ್ನೊಂದು ಮಾತನ್ನು ಮುಂದಿಟ್ಟನು: ಒಂದು ಪಂಥದ ತತ್ತ್ವವನ್ನು ಒಪ್ಪದೆಯೂ ಅದರ ಉಪಾಯವನ್ನು ಬಳಸಿಕೊಳ್ಳಬಹುದು. ವ್ಯಕ್ತಿಯ ವರ್ತನೆ, ಭಾವನೆ, ದೇಹದ ಅನುಭವ, ಕಲ್ಪನೆ, ಆಲೋಚನೆ, ಇತರರೊಂದಿಗಿನ ಸಂಬಂಧ, ಶರೀರದ ಆರೋಗ್ಯ ಮತ್ತು ಔಷಧ ಎಂದು ಏಳು ಮುಖಗಳನ್ನು ಪರಿಶೀಲಿಸಿ, ಎಲ್ಲಿ ಕೊರತೆಯಿದೆಯೋ ಅಲ್ಲಿಗೆ ತಕ್ಕದ್ದನ್ನು ಆರಿಸಬೇಕೆಂಬುದು ಮುಂದೆ ಅವನು ಬೆಳೆಸಿದ ಕ್ರಮ. (ಸಪ್ತಭಾಷಾ ಸಂಗಮ ಭೂಮಿಯವರಾದ ನಮಗೆ ಏಳರ ಲೆಕ್ಕ ಹೊಸತೇನೂ ಅಲ್ಲ!)

ನಮ್ಮ ನೆಲದ ಹೋಲಿಕೆಯನ್ನೇ ಕೊಡುವುದಾದರೆ ಇದು ತಾಳಮದ್ದಳೆಯ ಅರ್ಥಗಾರಿಕೆಯಂತೆ. ಪ್ರಸಂಗ ಗೊತ್ತಿದೆ, ಭಾಗವತರು ಹಾಡುವ ಪದ್ಯ ಗೊತ್ತಿದೆ. ಆದರೆ ಎದುರಿನ ಅರ್ಥಧಾರಿ ಏನು ಹೇಳಿದನೆಂಬುದನ್ನು ಕೇಳಿಸಿಕೊಳ್ಳದೆ, ಮನೆಯಲ್ಲಿ ಬಾಯಿಪಾಠ ಮಾಡಿ ತಂದದ್ದನ್ನು ಒಪ್ಪಿಸುವವನನ್ನು ಸಭೆ ಸಹಿಸುವುದಿಲ್ಲ. ಹಾಗೆಂದು ಪುರಾಣ ಜ್ಞಾನವಿಲ್ಲದವನು ಕೇವಲ ಚಾತುರ್ಯದಿಂದ ಅರ್ಥ ಹೇಳಲೂ ಆಗದು.

ಈಗ ಒಂದು ಉದಾಹರಣೆಯನ್ನು ನೋಡೋಣ. ಇದು ಹಲವರಲ್ಲಿ ಕಂಡುಬರುವುದನ್ನು ಒಂದುಗೂಡಿಸಿ ಹೇಳುವುದೇ ಹೊರತು ಯಾರೊಬ್ಬರ ಕಥೆಯೂ ಅಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕಗಳೊಂದಿಗೆ ಎಸ್.ಎಸ್.ಎಲ್.ಸಿ. ದಾಟಿದ ಹುಡುಗಿ ದೂರದ ಶಾಲೆಯಲ್ಲಿ ಪ್ಲಸ್ ವನ್‌ಗೆ ಸೇರುತ್ತಾಳೆ. ಮನೆಮಾತು ತುಳು, ಓದಿದ್ದು ಕನ್ನಡ, ಈಗ ಪುಸ್ತಕ ಇಂಗ್ಲಿಷಿನಲ್ಲಿ, ತರಗತಿಯ ವಿವರಣೆ ಮಲಯಾಳದಲ್ಲಿ. ಎರಡು ತಿಂಗಳಾಗುವಷ್ಟರಲ್ಲಿ ದಿನವೂ ಬೆಳಿಗ್ಗೆ ಹೊಟ್ಟೆನೋವು, ವಾಂತಿ. ಆದಿತ್ಯವಾರ ಮಾತ್ರ ಏನೂ ಇಲ್ಲ. ವೈದ್ಯರು ಪರೀಕ್ಷಿಸಿ ದೋಷವೇನೂ ಕಾಣುವುದಿಲ್ಲವೆನ್ನುತ್ತಾರೆ. ಮನೆಯಲ್ಲಿ ಒಬ್ಬರು ಸೋಗು ಎನ್ನುತ್ತಾರೆ, ಅಜ್ಜಿ ದೃಷ್ಟಿಯಾಗಿದೆ ಎನ್ನುತ್ತಾರೆ.

ಇಂಥವಳು ಆಪ್ತಸಲಹೆಗಾರರ ಮುಂದೆ ಕುಳಿತಾಗ ಮೊದಲ ಒಂದೆರಡು ಭೇಟಿಗಳಲ್ಲಿ ಸಲಹೆಯೇ ಸಲ್ಲದು. ರೋಜರ್ಸ್ ಹೇಳಿದ ಆ ಸ್ವೀಕಾರ ಇಲ್ಲಿ ಬೇಕು. ಅವಳ ಹೊಟ್ಟೆನೋವು ನಿಜವಾದದ್ದೆಂದು ನಂಬುವ ಒಬ್ಬ ಹಿರಿಯರು ಸಿಕ್ಕಿದರೆ ಮಾತು ತಾನಾಗಿ ಹೊರಡುತ್ತದೆ. ತನ್ನ ಮಲಯಾಳದ ಉಚ್ಚಾರಣೆಗೆ ತರಗತಿ ನಕ್ಕ ದಿನದಿಂದ ಇದು ಆರಂಭವಾಯಿತೆಂಬುದು ಆಗ ತಿಳಿಯುತ್ತದೆ. ಭಯ ಹೊಟ್ಟೆಯನ್ನು ಹೇಗೆ ಹಿಂಡುತ್ತದೆಂಬುದನ್ನು ವಿವರಿಸಬೇಕು. ತನಗೆ ಹುಚ್ಚಲ್ಲ, ತಾನು ಸೋಗು ಹಾಕುತ್ತಿಲ್ಲ ಎಂದು ತಿಳಿಯುವುದೇ ಅರ್ಧ ಸಮಾಧಾನ. ಅನಂತರ ವೋಲ್ಪೆಯ ಮೆಟ್ಟಿಲುಗಳು: ಮೊದಲು ಶಾಲೆಯ ಗೇಟಿನವರೆಗೆ, ಮತ್ತೆ ಒಂದು ಪೀರಿಯಡ್ಡು, ಪಕ್ಕದವಳಲ್ಲಿ ನೋಟ್ಸು ಕೇಳುವುದು, ಹಾಜರಿಗೆ ಗಟ್ಟಿಯಾಗಿ ಉತ್ತರಿಸುವುದು, ಕೊನೆಗೆ ಎದ್ದುನಿಂತು ಓದುವುದು. ಅದರೊಡನೆ ಬೆಕ್ಕನ ಮಾರ್ಗದ ವಿಚಾರಣೆ. "ಬಾಯಿ ತೆರೆದರೆ ಎಲ್ಲರೂ ನಗುತ್ತಾರೆ" ಎಂಬ ವಾಕ್ಯವನ್ನು ಕಾಗದದ ಮೇಲೆ ಬರೆದು, ಆ ದಿನ ನಕ್ಕವರು ಎಷ್ಟು ಮಂದಿಯೆಂದು ಲೆಕ್ಕ ಹಾಕಿದರೆ ಇಬ್ಬರೋ ಮೂವರೋ ಆಗುತ್ತಾರೆ. ಮತ್ತೆ ಮನೆ. ಗಲ್ಫಿನಲ್ಲಿರುವ ತಂದೆ ರಾತ್ರಿ ಫೋನಿನಲ್ಲಿ ಅಂಕಗಳನ್ನಷ್ಟೇ ವಿಚಾರಿಸುತ್ತಿದ್ದರೆ ಅವರೊಡನೆಯೂ ಮಾತಾಡಬೇಕು. ಹುಡುಗಿಯ ಒಪ್ಪಿಗೆ ಪಡೆದು ತರಗತಿಯ ಅಧ್ಯಾಪಕರ ಕಿವಿಗೂ ಒಂದು ಮಾತು ಹಾಕಬೇಕು. ಏಕೆಂದರೆ ನಗುವ ತರಗತಿಯನ್ನು ಹಾಗೆಯೇ ಬಿಟ್ಟು ಹುಡುಗಿಯನ್ನಷ್ಟೇ ತಿದ್ದಹೊರಡುವುದು ನ್ಯಾಯವೂ ಅಲ್ಲ.

ಇಲ್ಲಿ ಗಮನಿಸಬೇಕಾದದ್ದು ಅನುಕ್ರಮ. ಮೊದಲ ದಿನವೇ ಮೆಟ್ಟಿಲು ಹತ್ತಿಸಹೊರಟರೆ ಅವಳು ಎರಡನೆಯ ಭೇಟಿಗೆ ಬರಲಾರಳು. ಸಹಾನುಭೂತಿಯಿಂದ ಕೇಳುತ್ತ ಮೂರು ತಿಂಗಳು ಕಳೆದರೆ ಹಾಜರಿ ಸಾಲದೆ ವರ್ಷವೇ ನಷ್ಟವಾದೀತು. ಯಾವುದು ಯಾವಾಗ ಎಂಬ ವಿವೇಕವನ್ನು ಯಾವ ಪಂಥದ ಗ್ರಂಥವೂ ಪೂರ್ತಿಯಾಗಿ ಹೇಳಿಕೊಡುವುದಿಲ್ಲ.

ಎಲ್ಲ ಪದ್ಧತಿಗಳನ್ನೂ ಒಂದೇ ಪಾತ್ರೆಗೆ ಸುರಿಯಬಹುದೆಂದು ಇದರಿಂದ ತಿಳಿಯಬಾರದು. ಕೆಲವೆಡೆ ಒಂದರ ಒಳ್ಳೆಯತನ ಇನ್ನೊಂದರ ಕೆಲಸವನ್ನು ಕೆಡಿಸುತ್ತದೆ. ನಮ್ಮ ಮನೆಗಳ ಮಡಿ-ಮೈಲಿಗೆಯ ವಿಚಾರವನ್ನೇ ತೆಗೆದುಕೊಳ್ಳೋಣ. ಆಚಾರಕ್ಕೆ ಒಂದು ಮುಕ್ತಾಯವಿದೆ. ಮಿಂದು ಮಡಿಯುಟ್ಟವರು ಪೂಜೆ ಮುಗಿಸಿ ನೆಮ್ಮದಿಯಿಂದ ಊಟಕ್ಕೆ ಕೂರುತ್ತಾರೆ. ಗೀಳಿನ ಕಾಯಿಲೆಗೆ ಆ ಮುಕ್ತಾಯವಿಲ್ಲ. ಹತ್ತು ಸಲ ಕೈ ತೊಳೆದ ಸೊಸೆ ಹನ್ನೊಂದನೆಯ ಸಲವೂ ಕೊಳೆ ಹೋಯಿತೋ ಇಲ್ಲವೋ ಎಂದು ನಡುಗುತ್ತಾಳೆ. ಮನೆಯವರು ಮೊದಮೊದಲು ಅವಳ ಮಡಿಯನ್ನು ಮೆಚ್ಚಿಕೊಂಡು ಮಾತಾಡಿದ್ದರಿಂದ ಕಾಯಿಲೆ ಗುರುತಾಗುವುದಕ್ಕೇ ಕೆಲವೊಮ್ಮೆ ವರ್ಷಗಳು ಬೇಕಾಗುತ್ತವೆ. "ಏನೂ ಮೈಲಿಗೆಯಾಗಿಲ್ಲ ಮಗಾ" ಎಂದು ಅತ್ತೆ ಪ್ರೀತಿಯಿಂದ ಸಮಾಧಾನ ಹೇಳಿದರೆ ಐದು ನಿಮಿಷ ಸಮಾಧಾನ, ಆಮೇಲೆ ಮತ್ತೆ ಅದೇ ಪ್ರಶ್ನೆ. ಸಂಶಯವನ್ನು ಎದುರಿಸಿಯೂ ತೊಳೆಯದೆ ಕುಳಿತಿರುವ ಅಭ್ಯಾಸವೇ ಈ ರೋಗಕ್ಕೆ ಮದ್ದೆಂಬುದು 1966ರಲ್ಲಿ ವಿಕ್ಟರ್ ಮೇಯರ್ ತನ್ನ ಪ್ರಯೋಗವನ್ನು ಪ್ರಕಟಿಸಿದಂದಿನಿಂದ ಸ್ಥಿರಪಟ್ಟಿದೆ. ಹಲವರಿಗೆ ಮನೋವೈದ್ಯರ ಮಾತ್ರೆಯೂ ಜೊತೆಗೆ ಬೇಕಾಗುತ್ತದೆ. ಇಲ್ಲಿ ಸಲಹೆಗಾರನು ಕರುಣೆಯಿಂದ ಒಮ್ಮೆ ಭರವಸೆಯ ಮಾತಾಡಿದರೂ ಅಭ್ಯಾಸ ಹಿಂದಕ್ಕೆ ಹೋಗುತ್ತದೆ. ಪದ್ಧತಿಗಳನ್ನು ಬೆರೆಸುವವನಿಗೆ ಒಂದೇ ಪದ್ಧತಿಯವನಿಗಿಂತ ಹೆಚ್ಚಿನ ಓದು, ಹೆಚ್ಚಿನ ಶಿಸ್ತು ಬೇಕೆನ್ನುವುದು ಈ ಕಾರಣಕ್ಕೆ. ಮೂರು ದಿನದ ಶಿಬಿರದಲ್ಲಿ ಪ್ರಮಾಣಪತ್ರ ಪಡೆದು "ಎಲ್ಲ ಪದ್ಧತಿಗಳೂ ಲಭ್ಯ" ಎಂದು ಬೋರ್ಡು ಹಾಕುವವರಿಂದ ದೂರವಿರುವುದು ಲೇಸು.

ಮೂರನೆಯ ಸಂದರ್ಭ ನಮ್ಮ ಜಿಲ್ಲೆಯದೇ, ಮತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗುರುತರವಾದದ್ದು. ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದುದರ ಫಲವನ್ನು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಕನ್ನಡ ಗ್ರಾಮಗಳು ಉಂಡಿವೆ, ಇಂದಿಗೂ ಉಣ್ಣುತ್ತಿವೆ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲಿ ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಆದರೆ ಮಾತು ಬಾರದ, ಎದ್ದು ಕೂರಲಾರದ ಮಗನನ್ನು ಇಪ್ಪತ್ತೈದು ಮೂವತ್ತು ವರ್ಷಗಳಿಂದ ಎತ್ತಿ ಮೀಯಿಸುತ್ತ ಬಂದ ತಾಯಿಯ ಮನಸ್ಸಿನ ಲೆಕ್ಕ ಯಾವ ಆದೇಶದಲ್ಲಿಯೂ ಇಲ್ಲ. "ನನ್ನ ನಂತರ ಇವನಿಗೆ ಯಾರು?" ಎಂದು ಆಕೆ ಕೇಳುತ್ತಾಳೆ. ಈ ಆಲೋಚನೆಯನ್ನು ಸಾಕ್ಷ್ಯದ ಒರೆಗಲ್ಲಿಗೆ ಹಚ್ಚಿ ತಿದ್ದಹೊರಟರೆ ಅದಕ್ಕಿಂತ ಕ್ರೂರವಾದದ್ದು ಬೇರಿಲ್ಲ. ಆಕೆಯ ಆಲೋಚನೆಯಲ್ಲಿ ತಪ್ಪೇನೂ ಇಲ್ಲ, ಅದು ವಾಸ್ತವ. ಹಗಲಿಡೀ ಗೋಳಾಡಲು ಪುರುಸೊತ್ತಿಲ್ಲದವಳನ್ನು ಬಾಲ್ಯದ ಬೇರು ಹುಡುಕಲು ಕೂರಿಸುವುದೂ ಅಷ್ಟೇ ಅರ್ಥಹೀನ.

ಆಕೆಗೆ ಬೇಕಾದದ್ದು ಬೇರೆ. ಒಂದು, ಅವಸರವಿಲ್ಲದೆ ಕೇಳುವ ಕಿವಿ. ಎರಡು, ಪಿಂಚಣಿಯ ಕಾಗದ, ಔಷಧದ ಚೀಟಿ, ಬಡ್ಸ್ ಶಾಲೆಯ ವಾಹನ ಇತ್ಯಾದಿ ನಿತ್ಯದ ತೊಡಕುಗಳನ್ನು ಒಂದೊಂದಾಗಿ ಬಿಡಿಸುವ ನೆರವು. ಇದನ್ನು ಮನೋಚಿಕಿತ್ಸೆಯೆಂದು ಕರೆಯಲು ಹಿಂಜರಿಯುವ ಪಂಡಿತರಿದ್ದಾರೆ, ಇರಲಿ. ಅದೇ ಕಷ್ಟದಲ್ಲಿರುವ ನಾಲ್ಕಾರು ತಾಯಂದಿರು ತಿಂಗಳಿಗೊಮ್ಮೆ ಒಟ್ಟು ಕೂರುವುದೂ, ಗಂಡಸರು ರಾತ್ರಿಯ ಪಾಳಿಯನ್ನಾದರೂ ವಹಿಸಿಕೊಳ್ಳುವಂತೆ ಮನೆಯವರೊಡನೆ ಮಾತಾಡುವುದೂ ಆಗಬೇಕು. ನಾಜಿ ಶಿಬಿರಗಳಿಂದ ಬದುಕಿ ಬಂದ ವಿಕ್ಟರ್ ಫ್ರಾಂಕ್ಲ್, ತಪ್ಪಿಸಿಕೊಳ್ಳಲಾಗದ ಸಂಕಟದಲ್ಲಿಯೂ ಮನುಷ್ಯನು ಅರ್ಥವನ್ನು ಕಾಣಬಲ್ಲನೆಂದು ಬರೆದನು. ಅದನ್ನು ಆ ತಾಯಿಗೆ ಉಪದೇಶಿಸುವ ಅಧಿಕಾರ ಯಾರಿಗೂ ಇಲ್ಲ. ಆಕೆಯೇ ಆ ಮಾತಿಗೆ ಬಂದರೆ ತಲೆಬಾಗಿ ಕೇಳಿಸಿಕೊಳ್ಳಬಹುದು. ಮತ್ತು ಇದೆಲ್ಲದರ ನಡುವೆ, ಆಕೆ ನಿದ್ದೆಗೆಟ್ಟು, ಅನ್ನ ಬಿಟ್ಟು, ಸಾವಿನ ಮಾತಾಡಿದರೆ ಅಂದೇ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು. ತಾನು ಮಾಡಲಾರದ್ದು ಯಾವುದೆಂದು ತಿಳಿದಿರುವುದು ಸಲಹೆಗಾರನ ವಿದ್ಯೆಯ ಮುಖ್ಯ ಭಾಗ.

ದೈವ, ದೇವರು, ಜೋಯಿಸರಲ್ಲಿ ಪ್ರಶ್ನೆ ಇಡಿಸುವುದು, ದರ್ಗಾಕ್ಕೆ ಹರಕೆ, ಇವುಗಳ ವಿಚಾರದಲ್ಲಿ ಸುಶಿಕ್ಷಿತರು ಎರಡು ಅತಿಗಳಿಗೆ ಹೋಗುವುದುಂಟು. ಕೆಲವರಿಗೆ ಅದೆಲ್ಲ ಮೂಢನಂಬಿಕೆ. ಇನ್ನು ಕೆಲವರಿಗೆ ಪಾಶ್ಚಾತ್ಯರ ವಿದ್ಯೆಯೆಲ್ಲ ನಮ್ಮಲ್ಲಿ ಮೊದಲೇ ಇತ್ತು. ಚರಕ ಸಂಹಿತೆಯಲ್ಲಿ ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರು ಬಗೆಯ ಚಿಕಿತ್ಸೆಯನ್ನು ಹೇಳಿದೆಯೆಂಬುದು ನಿಜ; ಪೂಜೆ-ಶಾಂತಿ, ಆಹಾರ-ಔಷಧ ಮತ್ತು ಮನಸ್ಸಿನ ನಿಗ್ರಹ ಮೂರಕ್ಕೂ ಅಲ್ಲಿ ಸ್ಥಾನವಿದೆ. ಅದರಿಂದ ವೋಲ್ಪೆಯನ್ನೂ ಬೆಕ್ಕನನ್ನೂ ಓದುವ ಶ್ರಮ ನಮಗೆ ತಪ್ಪಲಿಲ್ಲ. ಕೋಲದ ದಿನ ದೈವ ನುಡಿ ಕೊಡುವಾಗ ಕುಟುಂಬದವರೆಲ್ಲ ಒಂದೇ ಅಂಗಳದಲ್ಲಿ ನಿಂತು, ವರ್ಷಗಳಿಂದ ಮಾತು ಬಿಟ್ಟವರೂ ಎದುರುಬದುರಾಗಿ ತಮ್ಮ ದುಃಖವನ್ನು ಹೇಳಿಕೊಳ್ಳುತ್ತಾರೆ. ಅದರಿಂದ ಎಷ್ಟೋ ಮನಸ್ಸುಗಳು ಹಗುರಾಗುವುದನ್ನು ಕಣ್ಣಿದ್ದವರು ಕಾಣಬಹುದು. ಸಲಹೆಗಾರನು ಅದನ್ನು ಹೀಗಳೆದರೆ ಬಂದವರು ಎದ್ದುಹೋಗುತ್ತಾರೆ; ಹೀಗಳೆಯದೆ, ಮಾತ್ರೆಯನ್ನು ಮಾತ್ರ ನಿಲ್ಲಿಸಬಾರದೆಂದು ಒಪ್ಪಿಸಿಕೊಂಡರೆ ಎರಡೂ ನಡೆಯುತ್ತವೆ.

ಇನ್ನು ಭಾಷೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ್ದು, 1967ರಲ್ಲಿ ಮಹಾಜನ ವರದಿ ಬಂದದ್ದು, ಮುಂದೆ ಏನೂ ಆಗದೆ ಹೋದದ್ದು ಈ ಸಂಚಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾದದ್ದಲ್ಲ. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ನಾವು ಪ್ರತಿಭಟಿಸುತ್ತೇವೆ, ಪ್ರತಿಭಟಿಸಲೇಬೇಕು. ಕನ್ನಡ ಬಾರದ ಆಪ್ತಸಲಹೆಗಾರರ ವಿಷಯದಲ್ಲಿ ಆ ಎಚ್ಚರ ನಮಗಿಲ್ಲ. ಗಣಿತವನ್ನು ಅರೆಬರೆ ತಿಳಿದ ಭಾಷೆಯಲ್ಲಿ ಕಲಿತರೂ ಹೇಗೋ ಪರೀಕ್ಷೆ ದಾಟಬಹುದು. ಎದೆಯ ಸಂಕಟವನ್ನು ಅರೆಬರೆ ಭಾಷೆಯಲ್ಲಿ ಹೇಳಲಾಗದು. "ಮಂಡೆಬಿಸಿ" ಎಂದು ಮಗು ಹೇಳಿದರೆ ಅದು ಜ್ವರವೂ ಅಲ್ಲ, ತಲೆನೋವೂ ಅಲ್ಲ. "ಬೇಜಾರ" ಎಂದರೆ ನಮ್ಮಲ್ಲಿ ಬೇಸರದಿಂದ ಹಿಡಿದು ಕಡುದುಃಖದವರೆಗೆ ಎಲ್ಲವೂ ಆದೀತು; ಎಷ್ಟು ಆಳದ್ದೆಂಬುದು ಸ್ವರದಲ್ಲಿದೆ. ನಡುವೆ ಅನುವಾದಕ್ಕೆಂದು ಸಹಪಾಠಿಯನ್ನೋ ಜವಾನರನ್ನೋ ಕೂರಿಸಿದರೆ ಸಂಜೆಯೊಳಗೆ ಸುದ್ದಿ ಬಸ್‌ಸ್ಟ್ಯಾಂಡಿಗೆ ಮುಟ್ಟಿರುತ್ತದೆ. ಮೇಲೆ ಹೇಳಿದ ಯಾವ ಪದ್ಧತಿಯೇ ಆಗಲಿ ಮಾತನ್ನೇ ಸಾಧನವಾಗಿ ಉಳ್ಳದ್ದು. ಮಾತು ಹಿಡಿಯದಿದ್ದರೆ ಐದು ಪದ್ಧತಿ ಬಲ್ಲವರೂ ಒಂದನ್ನೂ ಬಳಸಲಾರರು.

ಕನ್ನಡದಲ್ಲಿ ಈ ವಿದ್ಯೆಗೆ ಪದಗಳಿಲ್ಲವೆಂಬ ನೆಪವೂ ನಿಲ್ಲುವುದಿಲ್ಲ. 'ಕೊರವಂಜಿ'ಯ ಮೂಲಕ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರ 'ಮನಮಂಥನ' 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಆಮೇಲೆ ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಅವರು ಜನಸಾಮಾನ್ಯರಿಗಾಗಿ ಬರೆದ ಪುಸ್ತಕಗಳು ನಮ್ಮ ವಾಚನಾಲಯಗಳಲ್ಲಿಯೂ ದೊರೆಯುತ್ತವೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ದೂರವಾಣಿ ಸೇವೆ (14416) ಭಾರತದ ಹಲವು ಭಾಷೆಗಳಲ್ಲಿ ಉಚಿತವಾಗಿದೆ. ತುರ್ತಿಗೆ ಅದು ಒಳ್ಳೆಯದೇ. ಆದರೆ ಮೆಟ್ಟಿಲು ಮೆಟ್ಟಿಲಾಗಿ ಆರು ತಿಂಗಳು ಜೊತೆಗೆ ನಡೆಯುವ ಕೆಲಸ ಫೋನಿನಿಂದ ಪೂರ್ತಿಯಾಗದು.

ಆದ್ದರಿಂದ ಹಳೆ ವಿದ್ಯಾರ್ಥಿ ಸಂಘದ ಮುಂದೆ ಒಂದು ಸೂಚನೆ. ಮಹೋತ್ಸವದ ನೆನಪಿಗೆ ಮಹಾದ್ವಾರ ಕಟ್ಟುವ ಮಾತು ಕೇಳಿಬರುತ್ತಿದೆ. ದ್ವಾರ ಮುಂದಿನ ವರ್ಷವೂ ಆಗಬಹುದು. ಆ ಮೊತ್ತದಲ್ಲಿ, ಕನ್ನಡ ತುಳುಗಳನ್ನು ಬಲ್ಲ, ಮನಶ್ಶಾಸ್ತ್ರದಲ್ಲಿ ಕ್ರಮಬದ್ಧ ತರಬೇತಿ ಪಡೆದ ಒಬ್ಬರನ್ನು ವಾರಕ್ಕೆ ಎರಡು ದಿನ ಇಲ್ಲಿಗೆ ಬರಮಾಡಿಕೊಳ್ಳಬಹುದು. ಮಂಗಳೂರು ದೂರವೇನಲ್ಲ, ನಮ್ಮವರೇ ಅಲ್ಲಿ ಈ ವಿದ್ಯೆ ಕಲಿತು ಕೆಲಸದಲ್ಲಿದ್ದಾರೆ. ಬರುವವರನ್ನು ಆರಿಸುವಾಗ "ನೀವು ಯಾವ ಪದ್ಧತಿಯವರು?" ಎಂದು ಕೇಳುವ ಬದಲು, "ಇಂಥ ಮಗು ಬಂದರೆ ಮೊದಲು ಏನು ಮಾಡುವಿರಿ, ಏಕೆ? ಅದು ಫಲಿಸದಿದ್ದರೆ ಮತ್ತೇನು? ಯಾವಾಗ ವೈದ್ಯರಲ್ಲಿಗೆ ಕಳುಹಿಸುವಿರಿ?" ಎಂದು ಕೇಳಬೇಕು. ಮಕ್ಕಳು ಹೇಳಿದ್ದನ್ನು ಅಧ್ಯಾಪಕರೂ ಹೆತ್ತವರೂ ವಿಚಾರಿಸಕೂಡದೆಂದು ರಕ್ಷಕ-ಶಿಕ್ಷಕ ಸಂಘದಲ್ಲಿಯೇ ತೀರ್ಮಾನವಾಗಬೇಕು. ಪ್ರಾಣಕ್ಕೆ ಅಪಾಯವಿರುವಾಗ ಮತ್ತು ಲೈಂಗಿಕ ದೌರ್ಜನ್ಯ ನಡೆದಿರುವಾಗ ಮಾತ್ರ ಈ ಕಟ್ಟಿಗೆ ಅಪವಾದ. ಎರಡನೆಯದನ್ನು ಪೊಲೀಸರಿಗೆ ತಿಳಿಸುವುದನ್ನು 2012ರ ಪೋಕ್ಸೋ ಕಾಯಿದೆ ಕಡ್ಡಾಯಗೊಳಿಸಿದೆ. ದಂಡನೆಗಾಗಿ ಮಕ್ಕಳನ್ನು ಅಲ್ಲಿಗೆ ಅಟ್ಟುವ ಪರಿಪಾಠವಂತೂ ಆರಂಭವಾಗಲೇಬಾರದು. ಗುರುವಾರ ಮಧ್ಯಾಹ್ನದ ಮೇಲೆ ಹೊತ್ತನ್ನು ತಾಯಂದಿರಿಗೆಂದು ಬಿಟ್ಟರೆ ಎಣ್ಮಕಜೆಯ ಕಡೆಯವರಿಗೂ ಸಂಜೆಯ ಬಸ್ಸು ಸಿಗುತ್ತದೆ. ಇದಕ್ಕೆ ಕಚೇರಿಯ ಪಕ್ಕದ ಕೋಣೆ ಬೇಡ, ಅಲ್ಲಿ ಯಾರು ಹೋದರೂ ಎಲ್ಲರಿಗೂ ಕಾಣುತ್ತದೆ. ಹಳೆಯ ಕಟ್ಟಡದ ಹಿಂಬದಿಯಲ್ಲಿ ಈಗ ಮುರಿದ ಬೆಂಚುಗಳನ್ನು ತುಂಬಿಸಿಟ್ಟ ಕೋಣೆಯಿದೆಯಲ್ಲ, ಅದನ್ನು ತೆರವು ಮಾಡಿ ಸುಣ್ಣ ಹೊಡೆಸಿದರೆ ಸಾಕು.